ಹುಡುಗರಿಗೆ ಇಲ್ಲೇನು ಕೆಲಸ?

ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ ಗೇಟಿನ ವೇಳೆಯ ವಿಚಾರಕ್ಕೆ ಶುರುವಾದ ತಕರಾರು ಈಗ ಸಂಘಟನೆಯಾಗುವ ಹಂತಕ್ಕೆ ಬಂದಿದೆ. ಹುಡುಗರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಎದುರಾಗಿ ಕೆಲಸ ಅಲ್ಲಿಗೇ ನಿಂತಿದೆ. ಮುಂದಾಳಾಗಿರುವ ಎಂ.ಎ. ವಿದ್ಯಾರ್ಥಿನಿ ಮತ್ತು ಮಹಿಳಾ ಚಳವಳಿಯಲ್ಲಿ ಬಹುಕಾಲ ದುಡಿದ ನಿವೃತ್ತ ಅಧ್ಯಾಪಕಿಯೊಬ್ಬರ ನಡುವೆ ನಡೆದ ಮಾತು ಇದು.

ವಿದ್ಯಾರ್ಥಿನಿ: ಮೇಡಂ, ನಮ್ಮ ಬೇಡಿಕೆ ದೊಡ್ಡದೇನಲ್ಲ. ಲೈಬ್ರರಿ ರಾತ್ರಿ ಎಂಟರವರೆಗೆ ತೆರೆದಿರುತ್ತದೆ. ನಮ್ಮ ಹಾಸ್ಟೆಲ್ ಗೇಟಿಗೆ ಆರೂವರೆಗೆ ಬೀಗ. ಹುಡುಗರ ಹಾಸ್ಟೆಲ್‌ನಲ್ಲಿ ಒಂಬತ್ತೂವರೆ ಅಂತ ಬೋರ್ಡ್ ಇದೆ, ಹಾಜರಿ ಕರೆಯುವವರಿಲ್ಲ. ಕಟ್ಟುವ ಫೀಸು ಒಂದೇ, ಬರೆಯುವ ಪರೀಕ್ಷೆ ಒಂದೇ, ಲೈಬ್ರರಿ ಮಾತ್ರ ನಮಗೆ ದಿನಕ್ಕೆ ಒಂದೂವರೆ ಗಂಟೆ ಕಡಿಮೆ. ಇದನ್ನು ಸರಿಮಾಡಿ ಅಂತ ಕೇಳೋಣ ಎಂದು ಹುಡುಗಿಯರೆಲ್ಲ ಸೇರಿದೆವು. ಎರಡನೇ ಸಭೆಗೆ ನಮ್ಮ ಕ್ಲಾಸಿನ ನಾಲ್ಕು ಹುಡುಗರು ತಾವಾಗಿಯೇ ಬಂದರು. ಅಲ್ಲಿಂದ ನಮ್ಮಲ್ಲೇ ಎರಡು ಗುಂಪಾಗಿದೆ.

ಅಧ್ಯಾಪಕಿ: ನೀನು ಯಾವ ಗುಂಪು?

ವಿದ್ಯಾರ್ಥಿನಿ: ಬೇಡ ಅನ್ನುವ ಗುಂಪು. ಅವತ್ತು ನಡೆದದ್ದನ್ನು ಹೇಳುತ್ತೇನೆ, ಕೇಳಿ. ಸಭೆ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಒಬ್ಬ ಎದ್ದುಹೋಗಿ ಚಾಕ್‌ಪೀಸ್ ಹಿಡಿದು ಬೋರ್ಡಿನ ಮೇಲೆ ಒಂದು, ಎರಡು, ಮೂರು ಅಂತ ನಮ್ಮ ಬೇಡಿಕೆಗಳನ್ನು ಬರೆಯಲು ನಿಂತ. ಯಾರೂ ಅವನಿಗೆ ಹೇಳಿರಲಿಲ್ಲ. ಇನ್ನೊಬ್ಬ, 'ನೀವು ಧೈರ್ಯವಾಗಿ ಓದಿ, ರಾತ್ರಿ ಹಾಸ್ಟೆಲ್‌ವರೆಗೆ ಬಿಟ್ಟುಬರುವ ಜವಾಬ್ದಾರಿ ನಮ್ಮದು' ಅಂದ. ಕೆಲವರು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಕಾವಲಿಗೆ ಅಪ್ಪ ಇದ್ದಾರೆ, ಅಣ್ಣ ಇದ್ದಾನೆ, ವಾರ್ಡನ್ ಇದ್ದಾರೆ. ಈಗ ಇವರು ನಾಲ್ಕು ಜನ ಬೇರೆ.

ಅಧ್ಯಾಪಕಿ: ನಿನಗೆ ಬಂದ ಸಿಟ್ಟು ಸರಿಯಾದ ಸಿಟ್ಟೇ. ಆದರೆ ಆ ಇಬ್ಬರು ಮಾಡಿದ್ದನ್ನು ಬಿಡಿಸಿ ನೋಡು. ಒಬ್ಬ ಯಜಮಾನನ ಜಾಗಕ್ಕೆ ಹೋದ, ಇನ್ನೊಬ್ಬ ಕಾವಲುಗಾರನ ಜಾಗಕ್ಕೆ. ಹೆಣ್ಣಿನ ವಿಷಯ ಬಂದಾಗ ಗಂಡು ನಿಂತುಕೊಳ್ಳಲು ನಮ್ಮ ಮನೆ, ಸಿನಿಮಾ, ಕಾಲೇಜು ಎಲ್ಲ ಸೇರಿ ಇವೆರಡೇ ಜಾಗ ತೋರಿಸಿಕೊಟ್ಟಿವೆ. ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಬೇರೆ ಕೆಲಸ ಇದೆಯೇ ಇಲ್ಲವೇ ಅನ್ನುವುದನ್ನು ನಾವು ಯೋಚಿಸಬೇಕು. ಇಲ್ಲ ಅಂತಾದರೆ ನಿನ್ನ ಗುಂಪು ಹೇಳುವುದೇ ಸರಿ.

ವಿದ್ಯಾರ್ಥಿನಿ: ಹೆಂಗಸರೇ ಪ್ರತ್ಯೇಕವಾಗಿ ಕಟ್ಟಿಕೊಂಡ ಸಂಘಟನೆಗಳಿಂದಲೇ ಅಲ್ಲವೇ ಚಳವಳಿ ಬೆಳೆದದ್ದು?

ಅಧ್ಯಾಪಕಿ: ಹೌದು, ಅದನ್ನು ಯಾರೂ ಅಲ್ಲಗಳೆಯಲಾಗದು. 1974ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸುತ್ತ ಪ್ರಗತಿಪರ ಮಹಿಳಾ ಸಂಘಟನೆ ಹುಟ್ಟಿತು. ಎಡಪಂಥದ ವಿದ್ಯಾರ್ಥಿ ಚಳವಳಿಯಲ್ಲಿದ್ದ ಹುಡುಗಿಯರೇ ಕಟ್ಟಿದ್ದು. ವರದಕ್ಷಿಣೆಯ ಬಗ್ಗೆ, ರಸ್ತೆಯಲ್ಲಿ ಹುಡುಗಿಯರನ್ನು ಪೀಡಿಸುವುದರ ಬಗ್ಗೆ ಬಾಯಿಬಿಟ್ಟು ಮಾತಾಡಲು ಅವರಿಗೆ ತಮ್ಮದೇ ಒಂದು ವೇದಿಕೆ ಬೇಕಾಯಿತು. ಮರುವರ್ಷವೇ ತುರ್ತುಪರಿಸ್ಥಿತಿ ಬಂತು, ಸಂಘಟನೆ ಉಳಿಯಲಿಲ್ಲ. ಆದರೆ ಅಲ್ಲಿದ್ದ ಕೆಲವರು 1978ರಲ್ಲಿ ಸ್ತ್ರೀ ಶಕ್ತಿ ಸಂಘಟನ ಕಟ್ಟಿದರು. ಒಂದು ವರ್ಷವಷ್ಟೇ ಬದುಕಿದ ವಿದ್ಯಾರ್ಥಿ ಸಂಘಟನೆ ಮುಂದಿನದಕ್ಕೆ ಜನರನ್ನು ತಯಾರು ಮಾಡಿಕೊಟ್ಟಿತು. ಹುಡುಗಿಯರು ಮಾತ್ರ ಕೂತು ಮಾತಾಡುವ ಸಭೆ ನಿಮಗೂ ಬೇಕೇ ಬೇಕು. ಅದನ್ನು ಬಿಟ್ಟುಕೊಡಬೇಡಿ. ಕೆಲವು ಮಾತು ಅಲ್ಲಿ ಮಾತ್ರ ಹೊರಬರುತ್ತವೆ.

ವಿದ್ಯಾರ್ಥಿನಿ: ಹಾಗಾದರೆ ಹುಡುಗರ ಮಾತು ಅಲ್ಲಿಗೆ ಮುಗಿಯಿತಲ್ಲ.

ಅಧ್ಯಾಪಕಿ: ಮುಗಿಯಲಿಲ್ಲ. ಅದೇ ಕಾಲದ ಇನ್ನೊಂದು ಸಂಗತಿ ಹೇಳುತ್ತೇನೆ. ಮಥುರಾ ಅನ್ನುವ ಆದಿವಾಸಿ ಹುಡುಗಿಯ ಮೇಲೆ 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲೇ ಅತ್ಯಾಚಾರ ನಡೆಯಿತು. ಮೈಮೇಲೆ ಗಾಯವಿಲ್ಲ, ಅವಳು ಕೂಗಿಕೊಳ್ಳಲಿಲ್ಲ ಎಂಬಂಥ ಕಾರಣ ಕೊಟ್ಟು ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ಕು ಜನ ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಉಪೇಂದ್ರ ಬಕ್ಷಿ, ರಘುನಾಥ ಕೇಳ್ಕರ್, ಲೋತಿಕಾ ಸರ್ಕಾರ್, ವಸುಧಾ ಧಗಮ್ವಾರ್. ಇಬ್ಬರು ಗಂಡಸರು, ಇಬ್ಬರು ಹೆಂಗಸರು. ಆ ಪತ್ರ ಹಿಡಿದು ಮಹಿಳಾ ಸಂಘಟನೆಗಳು ಬೀದಿಗಿಳಿದವು, 1983ರಲ್ಲಿ ಅತ್ಯಾಚಾರದ ಕಾನೂನು ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿ ನಡೆಯುವ ಅತ್ಯಾಚಾರವನ್ನು ಕಾನೂನು ಬೇರೆಯಾಗಿಯೇ ಗುರುತಿಸಿದ್ದು ಆಗ.

ವಿದ್ಯಾರ್ಥಿನಿ: ಅವರು ದೊಡ್ಡ ಪ್ರೊಫೆಸರುಗಳು ಮೇಡಂ. ನಮ್ಮ ಕ್ಲಾಸಿನ ಹುಡುಗರು ಯಾವ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆಯಬೇಕು?

ಅಧ್ಯಾಪಕಿ: ಆ ಇಬ್ಬರು ಗಂಡಸರು ಮಾತಾಡಿದ್ದು ಯಾರ ಜೊತೆ ಅನ್ನುವುದನ್ನು ಗಮನಿಸು. ಮಥುರಾಳ ಪಕ್ಕ ನಿಂತು ಅವಳಿಗೆ ಬುದ್ಧಿ ಹೇಳಲಿಲ್ಲ, ಮೆರವಣಿಗೆಯ ಮೈಕ್ ಕಿತ್ತುಕೊಳ್ಳಲಿಲ್ಲ. ತಮ್ಮದೇ ವೃತ್ತಿಯ ಅತಿ ಎತ್ತರದ ಪೀಠಕ್ಕೆ, ನೀವು ಮಾಡಿದ್ದು ತಪ್ಪು ಅಂತ ಲಿಖಿತವಾಗಿ ಹೇಳಿದರು. ತಮ್ಮವರ ಎದುರು ನಿಂತರು. ಅದಕ್ಕೂ ನೂರು ವರ್ಷ ಹಿಂದೆ ಹೋದರೂ ಇದೇ ಕಾಣುತ್ತದೆ. ತಾರಾಬಾಯಿ ಶಿಂದೆ 1882ರಲ್ಲಿ ಮರಾಠಿಯಲ್ಲಿ 'ಸ್ತ್ರೀ ಪುರುಷ ತುಲನಾ' ಪ್ರಕಟಿಸಿದರು. ಹೆಣ್ಣಿನ ಮೇಲೆ ಹೊರಿಸುವ ದೋಷಗಳಲ್ಲಿ ಗಂಡಿನಲ್ಲಿ ಇಲ್ಲದ್ದು ಯಾವುದು ಅಂತ ನೇರವಾಗಿ ಕೇಳಿದ ಪುಸ್ತಕ. ಅದರ ಮೇಲೆ ಟೀಕೆ ಬಂದಾಗ ಜೋತಿಬಾ ಫುಲೆ ತಮ್ಮ 'ಸತ್ಸಾರ'ದಲ್ಲಿ ಅವರ ಪರ ವಹಿಸಿ ಬರೆದರು. ತಾರಾಬಾಯಿ ಹೇಳಿದ್ದನ್ನು ತಾವು ಇನ್ನೂ ಚೆನ್ನಾಗಿ ಹೇಳುತ್ತೇನೆ ಅಂತ ಹೊರಡಲಿಲ್ಲ. ಅವರ ಪುಸ್ತಕ ಅವರದಾಗಿಯೇ ಉಳಿಯಿತು, ಅದನ್ನು ಹೀಗಳೆದ ಗಂಡಸರಿಗೆ ಉತ್ತರ ಕೊಡುವ ಕೆಲಸವನ್ನು ಫುಲೆ ಮಾಡಿದರು.

ವಿದ್ಯಾರ್ಥಿನಿ: ಗಂಡಸರ ಕೆಲಸ ಗಂಡಸರ ನಡುವೆ ಅನ್ನುತ್ತೀರಿ.

ಅಧ್ಯಾಪಕಿ: ಹೆಚ್ಚಿನ ಪಾಲು ಅಲ್ಲೇ. ನಿನ್ನ ಲೈಬ್ರರಿಯ ವಿಷಯಕ್ಕೇ ಬರೋಣ. ಗೇಟಿನ ವೇಳೆ ಹೆಚ್ಚಿಸಿ ಅಂದರೆ ವಾರ್ಡನ್ ಏನು ಹೇಳುತ್ತಾರೆ?

ವಿದ್ಯಾರ್ಥಿನಿ: 'ಆ ರಸ್ತೆ ಸರಿಯಿಲ್ಲಮ್ಮ, ಏನಾದರೂ ಆದರೆ ನಿಮ್ಮ ಅಪ್ಪ ಅಮ್ಮನಿಗೆ ಯಾರು ಉತ್ತರ ಕೊಡಬೇಕು?' ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಲೈಬ್ರರಿಯಿಂದ ಹಾಸ್ಟೆಲ್‌ಗೆ ಅರ್ಧ ಕಿಲೋಮೀಟರ್ ಇರಬಹುದು. ನಡುವೆ ಎರಡು ಬೀದಿದೀಪ ಕೆಟ್ಟು ಬಹಳ ದಿನವಾಗಿದೆ. ತಿರುವಿನಲ್ಲಿ ಟೀ ಅಂಗಡಿ. ಬೈಕುಗಳನ್ನು ರಸ್ತೆಗೆ ಅಡ್ಡವಾಗಿ ನಿಲ್ಲಿಸಿಕೊಂಡು ಅದರ ಮೇಲೇ ಕೂತಿರುತ್ತಾರೆ. ನಾವು ಹತ್ತಿರ ಬರುತ್ತಿದ್ದಂತೆ ಒಬ್ಬ ಏನೋ ಅನ್ನುತ್ತಾನೆ, ಉಳಿದವರು ನಗುತ್ತಾರೆ. ನಾವು ದಾಟಿ ಹೋದ ಮೇಲೆ ಬೈಕ್ ಸ್ಟಾರ್ಟ್ ಆಗುತ್ತದೆ, ಲೈಟು ಬೆನ್ನ ಮೇಲೆ ಬೀಳುತ್ತದೆ. ಹಿಂದೆ ಬರುತ್ತಾರೋ ಇಲ್ಲವೋ ಗೊತ್ತಾಗುವುದಿಲ್ಲ. ತಿರುಗಿ ನೋಡಲೂ ಆಗುವುದಿಲ್ಲ.

ಅಧ್ಯಾಪಕಿ: ಆ ಬೈಕಿನ ಮೇಲೆ ಕೂತವರು ಯಾರು?

ವಿದ್ಯಾರ್ಥಿನಿ: ಹೊರಗಿನವರೂ ಇರುತ್ತಾರೆ. ಹೆಚ್ಚಿನವರು ನಮ್ಮ ಕಾಲೇಜಿನವರೇ. ಸೀನಿಯರ್‌ಗಳು, ಹಾಸ್ಟೆಲ್ ಹುಡುಗರು.

ಅಧ್ಯಾಪಕಿ: ನಿಮ್ಮ ಸಭೆಗೆ ಬಂದ ನಾಲ್ಕು ಜನಕ್ಕೆ ಅವರ ಪರಿಚಯ ಇದೆಯೇ?

ವಿದ್ಯಾರ್ಥಿನಿ: ಇಲ್ಲದೆ ಏನು? ಒಂದೇ ಮೆಸ್‌ನಲ್ಲಿ ಊಟ ಮಾಡುತ್ತಾರೆ. ಒಬ್ಬನ ರೂಮ್‌ಮೇಟ್ ಅಲ್ಲೇ ಕೂತಿರುತ್ತಾನೆ.

ಅಧ್ಯಾಪಕಿ: ಹಾಗಾದರೆ ನಿನ್ನನ್ನು ಹಾಸ್ಟೆಲ್‌ವರೆಗೆ ಬಿಟ್ಟುಬರುತ್ತೇನೆ ಅಂದವನಿಗೆ ಹೇಳು, ನನ್ನ ಜೊತೆ ನಡೆಯುವುದು ಬೇಡ, ಆ ಟೀ ಅಂಗಡಿಗೆ ಹೋಗು ಅಂತ. ರೂಮ್‌ಮೇಟ್ ಪಕ್ಕ ಕೂತುಕೊಂಡು, ಇದನ್ನು ನಿಲ್ಲಿಸು ಅಂತ ಹೇಳಲಿ. ಮಾತು ಎಸೆಯುವವನು ಒಬ್ಬ, ಅವನಿಗೆ ಬೇಕಾದದ್ದು ನಗುವ ನಾಲ್ಕು ಜನ. ಆ ನಾಲ್ವರಲ್ಲಿ ಇಬ್ಬರು ನಗುವುದನ್ನು ಬಿಟ್ಟರೆ ಅವನ ಆಟ ಅರ್ಧ ಬಿದ್ದುಹೋಗುತ್ತದೆ. ನೀವು ಹುಡುಗಿಯರು ಎಷ್ಟೇ ಧೈರ್ಯವಂತರಾದರೂ ಆ ಕೆಲಸ ನಿಮ್ಮಿಂದ ಆಗದು, ಯಾಕೆಂದರೆ ಆ ನಗು ನಿಮ್ಮ ಬೆನ್ನ ಹಿಂದೆ ನಡೆಯುವುದು. ಅಲ್ಲಿರುವವನು ಮಾತ್ರ ಅದನ್ನು ನಿಲ್ಲಿಸಬಲ್ಲ. ಮೆಸ್‌ನಲ್ಲಿ, ಹುಡುಗರ ವಾಟ್ಸ್‌ಆಪ್ ಗುಂಪಿನಲ್ಲಿ ಹುಡುಗಿಯ ಫೋಟೋ ಬಂದಾಗ, ಎಲ್ಲ ಕಡೆಯೂ ಇದೇ ಲೆಕ್ಕ.

ವಿದ್ಯಾರ್ಥಿನಿ: ಅವರು ಮಾಡುವುದಿಲ್ಲ ಮೇಡಂ. ನಮ್ಮನ್ನು ಬಿಟ್ಟುಬರುವುದು ಸುಲಭ, ಅದರಲ್ಲಿ ಹೆಸರು ಬರುತ್ತದೆ. ಅಲ್ಲಿ ಹೋಗಿ ಹೇಳಿದರೆ, 'ಬಳೆ ತೊಟ್ಟುಕೊಂಡು ಅವರ ಜೊತೆಗೇ ಹೋಗು' ಅನ್ನುತ್ತಾರೆ.

ಅಧ್ಯಾಪಕಿ: ಅನ್ನುತ್ತಾರೆ. ಆ ಮಾತು ಕೇಳಿಸಿಕೊಂಡು ಮತ್ತೆ ಮರುದಿನ ಅಲ್ಲೇ ಹೋಗಿ ಕೂರುವವನೇ ನಿಮಗೆ ಬೇಕಾದವನು. ಒಬ್ಬನೇ ಹೋದರೆ ಸೋತು ಬರುತ್ತಾನೆ, ಅದಕ್ಕೇ ಅವರಿಗೂ ತಮ್ಮದೊಂದು ಗುಂಪು ಬೇಕು. 1991ರಲ್ಲಿ ಮುಂಬಯಿಯ ಪತ್ರಕರ್ತ ಸಿ.ವೈ. ಗೋಪಿನಾಥ್ ಒಂದು ಜಾಹೀರಾತು ಕೊಟ್ಟರು. ಹೆಂಡತಿಯನ್ನು ಹೊಡೆಯುವುದು ತಪ್ಪು ಅಂತ ಭಾವಿಸುವ, ಅದನ್ನು ನಿಲ್ಲಿಸಲು ಕೈಜೋಡಿಸುವ ಗಂಡಸರಿದ್ದರೆ ಬರೆಯಿರಿ ಅಂತ. ಇನ್ನೂರಕ್ಕೂ ಹೆಚ್ಚು ಜನ ಉತ್ತರಿಸಿದರು. ಅದರಿಂದ ಬೆಳೆದು 1993ರಲ್ಲಿ 'ಮಾವಾ' ಅನ್ನುವ ಗಂಡಸರ ಸಂಘಟನೆ ಆಯಿತು. ಹರೀಶ್ ಸದಾನಿ ಮತ್ತು ಗೆಳೆಯರು ಮುಂದೆ ಮಹಾರಾಷ್ಟ್ರದ ಕಾಲೇಜುಗಳಿಗೆ ಹೋಗಿ ಹುಡುಗರ ಜೊತೆ ಕೂತು ಮಾತಾಡುವುದನ್ನೇ ಕೆಲಸ ಮಾಡಿಕೊಂಡರು. ಮೈನೆರೆಯುವುದು, ಪ್ರೀತಿ, ಬೇಡ ಅಂದಾಗ ಆಗುವ ಅವಮಾನ, ಮನೆಯಲ್ಲಿ ಕಂಡ ಹೊಡೆತ. ಹುಡುಗರು ಒಬ್ಬರಿಗೊಬ್ಬರು ಎಂದೂ ಹೇಳಿಕೊಳ್ಳದ ವಿಷಯಗಳು. ಉತ್ತರ ಬರೆದ ಇನ್ನೂರು ಜನರೂ ಅಷ್ಟು ದಿನ ತಾನೊಬ್ಬನೇ ಹೀಗೆ ಯೋಚಿಸುವವನು ಅಂದುಕೊಂಡಿದ್ದಿರಬೇಕು.

ವಿದ್ಯಾರ್ಥಿನಿ: ಮಾತಾಡಿಸಿದರೆ ಬದಲಾಗುತ್ತಾರೆ ಅಂತ ನಂಬುವುದು ನನಗೆ ಕಷ್ಟ. ನಮ್ಮ ರಾಜ್ಯದ ಅಂಕಿಅಂಶ ನೋಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 21ರ ಆಸುಪಾಸಿನಲ್ಲಿತ್ತು.

ಅಧ್ಯಾಪಕಿ: ಅದೇ ಸಮೀಕ್ಷೆಯ ಇನ್ನೊಂದು ಪುಟ ನೋಡಬೇಕು. ಹೆಂಡತಿಗೆ ಹೊಡೆಯಲು ಏಳು ಕಾರಣ ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಹೊಡೆಯುವುದು ಸರಿಯೇ ಅಂತ ಕೇಳಿದ್ದಾರೆ. ಕರ್ನಾಟಕದ ಗಂಡಸರಲ್ಲಿ ಶೇ. 82ರಷ್ಟು ಜನ ಒಂದು ಕಾರಣಕ್ಕಾದರೂ ಸರಿ ಅಂದಿದ್ದಾರೆ. ಹೆಂಗಸರಲ್ಲೂ ಶೇ. 77. ಆ ಏಳರಲ್ಲಿ ಒಂದು ಯಾವುದು ಗೊತ್ತೇ? ಗಂಡನಿಗೆ ಹೇಳದೆ ಹೊರಗೆ ಹೋಗುವುದು.

ವಿದ್ಯಾರ್ಥಿನಿ: ನಮ್ಮ ಗೇಟಿನ ರಿಜಿಸ್ಟರ್ ಕೇಳುವುದೂ ಅದನ್ನೇ. ಎಲ್ಲಿಗೆ, ಯಾರ ಜೊತೆ, ಯಾಕೆ, ಎಷ್ಟು ಹೊತ್ತಿಗೆ ವಾಪಸ್ಸು, ಪೋಷಕರ ಒಪ್ಪಿಗೆ ಇದೆಯೇ. ಹುಡುಗರ ಹಾಸ್ಟೆಲ್‌ನಲ್ಲಿ ಆ ಪುಸ್ತಕವೇ ಇಲ್ಲ. ಮೇಡಂ, ಈ ವಯಸ್ಸಿಗೆ ಹುಡುಗಿ ಹೇಳಿ ಹೋಗುವುದನ್ನು ಕಲಿಯುತ್ತಾಳೆ, ಹುಡುಗ ಕೇಳದೆ ಹೋಗುವುದನ್ನು ಕಲಿಯುತ್ತಾನೆ. ನಾಳೆ ಇಬ್ಬರಿಗೂ ಮದುವೆಯಾದರೆ ಅದೇ ಪಾಠ ಮುಂದುವರಿಯುತ್ತದೆ.

ಅಧ್ಯಾಪಕಿ: ನೀನೇ ಹೇಳಿದೆ ನೋಡು. ಅದಕ್ಕೇ ಗೇಟಿನ ವೇಳೆ ಸಣ್ಣ ವಿಷಯವಲ್ಲ. ಹೆಂಗಸರಲ್ಲೂ ಶೇ. 77 ಹಾಗೆ ಯೋಚಿಸುವ ರಾಜ್ಯದಲ್ಲಿ ಹುಡುಗರು ಹುಡುಗಿಯರು ಇಬ್ಬರ ಜೊತೆಗೂ ಮಾತು ನಡೆಯಬೇಕು. ಮಾತಿನಿಂದ ಬದಲಾಗುತ್ತದೆಯೇ ಅಂತ ಕೇಳಿದೆ. ಹರಿಯಾಣದ 314 ಸರ್ಕಾರಿ ಶಾಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆದಿದೆ. ಅರ್ಧದಷ್ಟು ಶಾಲೆಗಳಲ್ಲಿ ಬ್ರೇಕ್‌ಥ್ರೂ ಸಂಸ್ಥೆಯವರು ಏಳನೇ ತರಗತಿಯಿಂದ ಶುರುಮಾಡಿ ಎರಡೂವರೆ ವರ್ಷ ಕಾಲ ಗಂಡು ಹೆಣ್ಣಿನ ಸಮಾನತೆಯ ಬಗ್ಗೆ ತರಗತಿಯಲ್ಲೇ ಚರ್ಚೆ ನಡೆಸಿದರು. ಮಕ್ಕಳ ನಿಲುವು ಬದಲಾಯಿತು. ನಡವಳಿಕೆಯಲ್ಲಿ ಹುಡುಗರು ಹೆಚ್ಚು ಬದಲಾದರು, ಮನೆಗೆಲಸಕ್ಕೆ ಕೈ ಹಾಕುವುದಾಗಿ ಹೇಳಿದರು. ಕಾರ್ಯಕ್ರಮ ಮುಗಿದು ಎರಡು ವರ್ಷದ ಮೇಲೆ ಹೋಗಿ ನೋಡಿದರೂ ಪರಿಣಾಮ ಉಳಿದಿತ್ತು. ಹುಡುಗಿಯರ ಮನಸ್ಸು ಬದಲಾದರೂ ಬದುಕು ಅಷ್ಟು ಬೇಗ ಬದಲಾಗದು, ಅವರಿಗೆ ಅಡ್ಡಿ ಹೊರಗಿನದು. ಹುಡುಗನಿಗೆ ತಾನು ಒಪ್ಪಿದರೆ ಸಾಕು, ನಾಳೆಯಿಂದಲೇ ಪಾತ್ರೆ ತೊಳೆಯಬಹುದು. ಒಂದು ದಿನದ ಉಪನ್ಯಾಸ, ಮಾರ್ಚ್ ಎಂಟಕ್ಕೆ ಹೂವು ಹಂಚುವುದು, ಪ್ರತಿಜ್ಞೆ ಬೋಧಿಸುವುದು, ಇದರಿಂದ ಏನೂ ಆಗದು. ಎರಡೂವರೆ ವರ್ಷ ಅನ್ನುವುದನ್ನು ನೆನಪಿಟ್ಟುಕೋ.

ವಿದ್ಯಾರ್ಥಿನಿ: ಪಾತ್ರೆಯ ಮಾತು ಬಂತು. ನಮ್ಮ ಸಭೆಗೆ ಹಾಸ್ಟೆಲ್ ಹುಡುಗಿಯರಷ್ಟೇ ಬರುತ್ತಿದ್ದಾರೆ. ಹಳ್ಳಿಯಿಂದ ದಿನಾ ಓಡಾಡುವವರು ಒಬ್ಬರೂ ಇಲ್ಲ. ಒಬ್ಬಳನ್ನು ಕೇಳಿದೆ. 'ನಿಮಗೆ ಆರೂವರೆಯ ಚಿಂತೆ, ನನಗೆ ನಾಲ್ಕೂವರೆ ಬಸ್ ತಪ್ಪಿದರೆ ಮನೆಗೆ ಹೋಗಿ ರೊಟ್ಟಿ ತಟ್ಟುವವರು ಯಾರು?' ಅಂದಳು.

ಅಧ್ಯಾಪಕಿ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಓದಲು ಬರುವುದು ಸಲೀಸಾಯಿತು. ಮನೆಯ ಕೆಲಸ ಮಾತ್ರ ಹಾಗೇ ಇದೆ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ದೇಶದ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಮಾಡದವರನ್ನು ಸೇರಿಸಿಲ್ಲ. ನಿಮ್ಮ ಪಟ್ಟಿಯಲ್ಲಿ ಬಸ್ಸಿನ ವೇಳೆಯೂ ಬರಬೇಕು, ಹೆಣ್ಣುಮಕ್ಕಳ ಶೌಚಾಲಯವೂ ಬರಬೇಕು, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲೂ ಬರಬೇಕು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಪಿಂಜರಾ ತೋಡ್ ಚಳವಳಿಯೂ ನಿಮ್ಮ ಹಾಗೇ ಹಾಸ್ಟೆಲ್ ವೇಳೆಯಿಂದ ಹೊರಟದ್ದು. ಜಾಮಿಯಾ ಮಿಲ್ಲಿಯಾದಲ್ಲಿ ಹುಡುಗಿಯರು ರಾತ್ರಿ ತಡವಾಗಿ ಬರಲು ಇದ್ದ ಅನುಮತಿಯನ್ನು ರದ್ದು ಮಾಡಿದ್ದೇ ಕಿಡಿ. ಬಹಳ ಬೇಗ ಬೇರೆ ಊರುಗಳಿಗೂ ಹಬ್ಬಿತು, ಹಲವು ಕಡೆ ಗೇಟಿನ ವೇಳೆ ಬದಲಾಯಿತು. 2019ರಲ್ಲಿ ಅದರೊಳಗಿನ ದಲಿತ, ಹಿಂದುಳಿದ, ಮುಸ್ಲಿಂ ಹುಡುಗಿಯರಲ್ಲಿ ಕೆಲವರು, ಇಲ್ಲಿ ಮೇಲ್ಜಾತಿಯವರದೇ ಮಾತು ನಡೆಯುತ್ತದೆ ಅಂತ ಬರೆದುಕೊಟ್ಟು ಹೊರಬಂದರು. ಹುಡುಗ ಬಂದು ಚಾಕ್‌ಪೀಸ್ ಹಿಡಿದಾಗ ನಿನಗೆ ಏನು ಅನ್ನಿಸಿತೋ, ಅದೇ ಅನುಭವ ನಿಮ್ಮೊಳಗೇ ಇನ್ನೊಬ್ಬಳಿಗೆ ಆಗುತ್ತಿರಬಹುದು. ಅದನ್ನು ಅವಳು ಬಿಟ್ಟುಹೋಗುವ ಮೊದಲೇ ಕೇಳಬೇಕು.

ವಿದ್ಯಾರ್ಥಿನಿ: ಅಂಥ ಹುಡುಗಿಯರಿಗೆ ಇನ್ನೊಂದು ಭಯವಿದೆ. ಮನವಿ ಕೊಟ್ಟ ಕೂಡಲೇ ಆಫೀಸಿನವರು ಮೊದಲು ಮಾಡುವುದು ಮನೆಗೆ ಫೋನ್. 'ನಿಮ್ಮ ಮಗಳು ರಾತ್ರಿ ತಿರುಗಲು ಅನುಮತಿ ಕೇಳುತ್ತಿದ್ದಾಳೆ' ಅಂದರೆ ಸಾಕು. ನನ್ನ ಅಪ್ಪ ಒಂದೆರಡು ದಿನ ಮಾತು ಬಿಡಬಹುದು, ಅಷ್ಟೇ. ಆದರೆ ಕೆಲವರಿಗೆ ಓದು ಅಲ್ಲಿಗೇ ನಿಂತು ಮುಂದಿನ ತಿಂಗಳು ಮದುವೆ. ಸಹಿ ಹಾಕಿ ಅಂತ ಅವರನ್ನು ಹೇಗೆ ಕೇಳಲಿ?

ಅಧ್ಯಾಪಕಿ: ಹುಡುಗರ ಮನೆಗೆ ಫೋನ್ ಹೋಗುತ್ತದೆಯೇ?

ವಿದ್ಯಾರ್ಥಿನಿ: ಇಲ್ಲ. ಹೋದರೂ ಏನಾಗುತ್ತದೆ? ಒಂದು ದಿನ ಬೈಸಿಕೊಳ್ಳುತ್ತಾರೆ. ಅವರ ಓದು ನಿಲ್ಲಿಸಿ ಮದುವೆ ಮಾಡುವುದಿಲ್ಲವಲ್ಲ.

ಅಧ್ಯಾಪಕಿ: ಅಂದರೆ ಒಂದೇ ಸಹಿಗೆ ಹುಡುಗಿ ತೆರುವ ಬೆಲೆ ಬೇರೆ, ಹುಡುಗ ತೆರುವ ಬೆಲೆ ಬೇರೆ.

ವಿದ್ಯಾರ್ಥಿನಿ: ಒಂದು ನಿಮಿಷ ಮೇಡಂ. ಹಾಗಿದ್ದರೆ ಮನವಿಯ ಪಠ್ಯ ನಾವು ಬರೆಯುತ್ತೇವೆ. ಮೊದಲ ಪುಟದ ಸಹಿಯೆಲ್ಲ ಹುಡುಗರದಾಗಲಿ. ಐವತ್ತು, ನೂರು, ಎಷ್ಟು ಸಿಗುತ್ತದೋ ಅಷ್ಟು. ನಮ್ಮ ಸಹಿಗಳನ್ನು ಒಂದರ ಕೆಳಗೊಂದು ಹಾಕದೆ ದುಂಡಗೆ ಹಾಕುತ್ತೇವೆ, ಯಾರು ಮೊದಲು ಯಾರು ಕೊನೆ ಗೊತ್ತಾಗಬಾರದು. ಆಫೀಸಿಗೆ ಕೊಂಡೊಯ್ದು ಕೊಡುವಾಗ ಮಾತಾಡುವವರು ನಾವು. ಸೀಲು ಹಾಕಿಸಿ ಸ್ವೀಕೃತಿ ತರುವುದು, ಏನಾಯಿತು ಅಂತ ವಾರವಾರ ಹೋಗಿ ಕೇಳುವುದು, ಬೈಸಿಕೊಳ್ಳುವುದು ಅವರ ಪಾಲಿಗೆ ಇರಲಿ.

ಅಧ್ಯಾಪಕಿ: ಇದು ನಿಜವಾದ ಕೆಲಸ. ಅಪಾಯದ ಪಾಲು ಅವರಿಗೆ, ತೀರ್ಮಾನದ ಹಕ್ಕು ನಿಮಗೆ. ಇಲ್ಲಿಯವರೆಗೆ ಗಂಡಸರು ಹೆಣ್ಣಿನ ಪರವಾಗಿ ಬಂದಾಗಲೆಲ್ಲ ಇದು ತಿರುವುಮುರುವಾಗಿರುತ್ತಿತ್ತು. ಇದನ್ನು ಒಪ್ಪಿ ಎಷ್ಟು ಜನ ಉಳಿಯುತ್ತಾರೆ ಅನ್ನುವುದು ಅವರ ನಿಜವಾದ ಪರೀಕ್ಷೆ. ನಾಲ್ಕರಲ್ಲಿ ಇಬ್ಬರು ಉಳಿದರೂ ಒಳ್ಳೆಯದೇ.

ವಿದ್ಯಾರ್ಥಿನಿ: 'ಇದರಿಂದ ನಮಗೇನು ಲಾಭ' ಅಂತ ಕೇಳಿದರೆ?

ಅಧ್ಯಾಪಕಿ: ಸುಳ್ಳು ಆಸೆ ತೋರಿಸಬೇಡ. ಕಳೆದುಕೊಳ್ಳುವುದೂ ಇದೆ. ಬಿಸಿಯೂಟ ಮುಂದೆ ಬಂದು ಕೂರುವ ಸುಖ ಹೋಗುತ್ತದೆ, ಅಕ್ಕನ ಪಾಲಿನ ಆಸ್ತಿ ತನಗೆ ಸೇರುವುದು ನಿಲ್ಲುತ್ತದೆ, ಮಾತಿಗೆ ಮೊದಲು ಎದ್ದು ನಿಲ್ಲುವ ಅಭ್ಯಾಸ ಬಿಡಬೇಕಾಗುತ್ತದೆ. ಅದನ್ನು ಮುಚ್ಚಿಟ್ಟು ಕರೆದರೆ ಮೊದಲ ತೊಂದರೆಗೇ ಓಡಿಹೋಗುತ್ತಾರೆ. ಸಿಗುವುದೂ ಇದೆ, ಅದನ್ನೂ ಹೇಳು. ಮನೆಯ ಭಾರವೆಲ್ಲ ಒಬ್ಬನೇ ಹೊರಬೇಕು, ಸೋತೆ ಅಂತ ಬಾಯಿಬಿಡಬಾರದು ಅನ್ನುವ ಕಟ್ಟಳೆ ಹುಡುಗರನ್ನೂ ಹಿಂಡುತ್ತದೆ. ನಮ್ಮ ದೇಶದಲ್ಲಿ ಪ್ರತಿವರ್ಷ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಹತ್ತರಲ್ಲಿ ಸುಮಾರು ಏಳು ಜನ ಗಂಡಸರೇ. ಆ ಕಷ್ಟವೂ ಕೇಳಬೇಕಾದದ್ದೇ. ಆದರೆ ಅದನ್ನು ಹಿಡಿದುಕೊಂಡು ಹುಡುಗಿಯರ ಮಾತನ್ನು ನಿಲ್ಲಿಸಲು ಬಂದರೆ, ನಿಮ್ಮ ಗುಂಪಿನಲ್ಲಿ ನೀವು ಮೊದಲು ಅದನ್ನು ಮಾತಾಡಿಕೊಳ್ಳಿ ಅಂತ ಹೇಳಿ ಕಳಿಸು.

ವಿದ್ಯಾರ್ಥಿನಿ: ಇನ್ನೊಂದು ಪ್ರಶ್ನೆ ಕೇಳಲೇಬೇಕು. ನಮ್ಮ ಜೊತೆ ಬಂದ ಹುಡುಗನ ಮೇಲೆಯೇ ನಾಳೆ ದೂರು ಬಂದರೆ? ಘೋಷಣೆ ಕೂಗುವವನೇ ಕತ್ತಲಲ್ಲಿ ಇನ್ನೊಂದು ಆಗಿದ್ದರೆ?

ಅಧ್ಯಾಪಕಿ: ಎಷ್ಟೋ ಒಳ್ಳೆಯ ಸಂಘಟನೆಗಳು ಒಡೆದದ್ದು ಅಲ್ಲಿಯೇ. ಅವನು ನಮ್ಮವನು, ಚಳವಳಿಗೆ ಕೆಟ್ಟ ಹೆಸರು ಬರುತ್ತದೆ, ಒಳಗೇ ಮುಗಿಸೋಣ ಅನ್ನುವ ಮಾತು ಬಂದೇ ಬರುತ್ತದೆ. ದೂರು ಬರುವ ಮೊದಲೇ ನಿಯಮ ಬರೆದಿಟ್ಟುಕೊಳ್ಳಿ. ದೂರು ಬಂದವನು ವಿಚಾರಣೆ ಮುಗಿಯುವವರೆಗೆ ಎಲ್ಲ ಕೆಲಸದಿಂದ ದೂರ ಇರುತ್ತಾನೆ. ಹುಡುಗಿಯ ಮೇಲೆ ರಾಜಿಯ ಒತ್ತಡ ಹಾಕಿದವರೂ ಸಂಘಟನೆಯಿಂದ ಹೊರಗೆ. ವಿಚಾರಣೆ ನಡೆಯಬೇಕಾದದ್ದು ಕಾಲೇಜಿನ ಆಂತರಿಕ ದೂರು ಸಮಿತಿಯಲ್ಲಿ. ನಿಮ್ಮಲ್ಲಿ ಸಮಿತಿ ಇದೆಯೇ?

ವಿದ್ಯಾರ್ಥಿನಿ: ಬೋರ್ಡಿನ ಮೇಲೆ ಇದೆ. ಪ್ರಿನ್ಸಿಪಾಲರೇ ಅಧ್ಯಕ್ಷರು, ವಿದ್ಯಾರ್ಥಿಗಳ ಹೆಸರಿಲ್ಲ.

ಅಧ್ಯಾಪಕಿ: ನಿಮ್ಮ ಪ್ರಿನ್ಸಿಪಾಲರು ಗಂಡಸರಲ್ಲವೇ? ಹಾಗಾದರೆ ಅದು ನಿಯಮಕ್ಕೆ ವಿರುದ್ಧ. ಯುಜಿಸಿ 2016ರಲ್ಲಿ ಹೊರಡಿಸಿದ ನಿಯಮಾವಳಿ ತೆಗೆದು ಓದಿ. ಸಮಿತಿಯ ಅಧ್ಯಕ್ಷತೆ ಹಿರಿಯ ಅಧ್ಯಾಪಕಿಯದು. ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು. ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಆಡಳಿತದ ಉನ್ನತ ಹುದ್ದೆಯಲ್ಲಿರುವವರು ಸದಸ್ಯರಾಗುವಂತಿಲ್ಲ. ವಿದ್ಯಾರ್ಥಿಗಳ ವಿಷಯ ಬಂದಾಗ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಕೂರಬೇಕು. ವಿಚಾರಣೆ ಮುಗಿಸಲು 90 ದಿನ. ರಾಜಸ್ಥಾನದ ಭಟೇರಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆದು, ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋಗಿ, 1997ರಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ವಿಶಾಖಾ ತೀರ್ಪು ಬಂದು, 2013ರಲ್ಲಿ ಕಾಯ್ದೆಯಾಗಿ, ನಿಮ್ಮ ನೋಟಿಸ್ ಬೋರ್ಡಿನವರೆಗೆ ತಲುಪಿರುವ ಹಕ್ಕು ಇದು. ಅದನ್ನು ಬೋರ್ಡಿನ ಮೇಲೆ ಒಣಗಲು ಬಿಡಬಾರದು. ಸಮಿತಿ ಯಾವಾಗ ರಚನೆಯಾಯಿತು, ಎಷ್ಟು ಸಭೆ ನಡೆಯಿತು ಅಂತ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ಆ ಅರ್ಜಿಗೂ ಹುಡುಗನೇ ಸಹಿ ಹಾಕಲಿ.

ವಿದ್ಯಾರ್ಥಿನಿ: ಮೂವರು ವಿದ್ಯಾರ್ಥಿಗಳ ಚುನಾವಣೆ! ನಮ್ಮ ಕಾಲೇಜಿನಲ್ಲಿ ಯಾವ ಚುನಾವಣೆಯೂ ಇಲ್ಲ. ಕ್ಲಾಸ್ ಲೀಡರ್‌ಗಳನ್ನೂ ಮಾರ್ಕ್ಸ್ ನೋಡಿ ಆರಿಸುತ್ತಾರೆ. ಇದೊಂದನ್ನು ನಡೆಸಿಕೊಂಡರೆ ಇಡೀ ಕಾಲೇಜು ಈ ವಿಷಯ ಮಾತಾಡುತ್ತದೆ.

ಅಧ್ಯಾಪಕಿ: ಮಾತಾಡಲಿ. ಗೇಟಿನ ವಿಷಯದಲ್ಲೂ ನಿಮಗೆ ಆಧಾರವಿದೆ. ಯುಜಿಸಿಯದೇ 2013ರ 'ಸಕ್ಷಮ್' ವರದಿ, ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲ್‌ಗಳಿಗೆ ತಾರತಮ್ಯದ ನಿಯಮ ಹೇರಬಾರದು ಅನ್ನುತ್ತದೆ. ಹುಡುಗಿಯರು ಸಿನಿಮಾಕ್ಕೆ ಹೋಗುವುದನ್ನು ನಿರ್ಬಂಧಿಸಿದ ಹಾಸ್ಟೆಲ್ ನಿಯಮವನ್ನು 2019ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟು ತಳ್ಳಿಹಾಕಿತು, ಹುಡುಗರಿಗಿರುವ ಹಕ್ಕು ಹುಡುಗಿಯರಿಗೂ ಇದೆ ಅಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಸಂಜೆ ಮೊಬೈಲ್ ಒಪ್ಪಿಸಲು ನಿರಾಕರಿಸಿ ಹಾಸ್ಟೆಲ್‌ನಿಂದ ಹೊರಹಾಕಿಸಿಕೊಂಡಿದ್ದ ಫಹೀಮಾ ಶಿರಿನ್ ಅನ್ನುವ ವಿದ್ಯಾರ್ಥಿನಿಯನ್ನು ವಾಪಸ್ಸು ಸೇರಿಸಿಕೊಳ್ಳಲು ಹೇಳಿತು. ಇವೆಲ್ಲದರ ಪ್ರತಿ ಮಾಡಿಸಿ ಮನವಿಗೆ ಲಗತ್ತಿಸಿ. ನೀವು ಕೇಳುತ್ತಿರುವುದು ದಯೆಯನ್ನಲ್ಲ ಅನ್ನುವುದು ಆಫೀಸಿಗೆ ಗೊತ್ತಾಗಲಿ.

ವಿದ್ಯಾರ್ಥಿನಿ: ಮುಂದಿನ ವರ್ಷ ನಾನು ಇಲ್ಲಿ ಇರುವುದಿಲ್ಲ ಮೇಡಂ.

ಅಧ್ಯಾಪಕಿ: ವಿದ್ಯಾರ್ಥಿ ಸಂಘಟನೆಯ ದೊಡ್ಡ ತೊಡಕು ಅದೇ. ಎರಡು ವರ್ಷಕ್ಕೊಮ್ಮೆ ನೆನಪೆಲ್ಲ ಖಾಲಿಯಾಗುತ್ತದೆ, ಆಡಳಿತ ಅದಕ್ಕಾಗಿಯೇ ಕಾಯುತ್ತದೆ. ಒಂದು ಪುಸ್ತಕ ಇಡಿ. ಯಾವ ದಿನ ಏನು ಕೊಟ್ಟಿರಿ, ಯಾರು ಏನು ಉತ್ತರ ಕೊಟ್ಟರು, ಸ್ವೀಕೃತಿಯ ಪ್ರತಿ, ಎಲ್ಲ ಅದರಲ್ಲಿರಲಿ. ಪ್ರತಿ ಸಭೆಯನ್ನೂ ಬೇರೆಯವಳು ನಡೆಸಲಿ, ಮೊದಲ ವರ್ಷದವರೂ ನಡೆಸಲಿ. ಹುಡುಗರೂ ತಮ್ಮ ಹಾಸ್ಟೆಲ್‌ನಲ್ಲಿ ಕಿರಿಯರನ್ನು ತಯಾರು ಮಾಡಲಿ.

ವಿದ್ಯಾರ್ಥಿನಿ: ಹಾಗಾದರೆ ನಾನು ಸಭೆಯಲ್ಲಿ ಹೀಗೆ ಹೇಳುತ್ತೇನೆ. ನಮ್ಮದೇ ಸಭೆ ಪ್ರತ್ಯೇಕವಾಗಿ ನಡೆಯುತ್ತದೆ, ತೀರ್ಮಾನ ಅಲ್ಲಿ ಆಗುತ್ತದೆ. ಹುಡುಗರು ಬರಬಹುದು, ಮೂರು ಕೆಲಸಕ್ಕೆ. ಒಂದು, ಮನವಿಯ ಮೊದಲ ಪುಟಕ್ಕೆ ಸಹಿ ಸಂಗ್ರಹಿಸಿ ತರುವುದು. ಎರಡು, ತಮ್ಮ ಹಾಸ್ಟೆಲ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಹುಡುಗರನ್ನು ಕೂರಿಸಿ ಮಾತಾಡುವುದು, ಟೀ ಅಂಗಡಿಯ ವಿಷಯದಿಂದಲೇ ಶುರು ಮಾಡುವುದು. ಮೂರು, ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ, ಅಕ್ಕ ಮಾಡುವ ಕೆಲಸದಲ್ಲಿ ಪಾಲು ತೆಗೆದುಕೊಳ್ಳುವುದು. ನೋಡಲು ಯಾರೂ ಬರುವುದಿಲ್ಲ, ಆದರೂ ಮಾಡಬೇಕು.

ಅಧ್ಯಾಪಕಿ: ನಾಲ್ಕನೆಯದು ಸೇರಿಸು. ನಿಯಮ ಎಲ್ಲರಿಗೂ ಒಂದೇ, ತಮ್ಮ ಮೇಲೆ ದೂರು ಬಂದರೂ.

ವಿದ್ಯಾರ್ಥಿನಿ: ಸೇರಿಸುತ್ತೇನೆ. ಆದರೆ ಒಂದು ಮಾತು ಹೇಳಿ. ಇಷ್ಟೆಲ್ಲ ಮಾಡಿ ಗೇಟು ಎಂಟು ಗಂಟೆಗೆ ಆಯಿತು ಅಂತಿಟ್ಟುಕೊಳ್ಳಿ. ಆಮೇಲೆ?

ಅಧ್ಯಾಪಕಿ: ಆಮೇಲೆ ಎಂಟು ಯಾಕೆ ಅಂತ ಕೇಳಬೇಕು. ಸಮಿತಿಯ ಚುನಾವಣೆ ನಡೆಸಬೇಕು. ನಾಲ್ಕೂವರೆ ಬಸ್ಸಿಗೆ ಓಡುವ ಹುಡುಗಿಗೆ ಆರು ಗಂಟೆಗೆ ಇನ್ನೊಂದು ಬಸ್ ಹಾಕಿಸಬೇಕು, ಅವಳ ತಮ್ಮ ರೊಟ್ಟಿ ತಟ್ಟಲು ಕಲಿಯಬೇಕು. ಹುಡುಗಿಯರು ಮುಂದೆ ನಿಂತು, ಹುಡುಗರು ತಮ್ಮವರನ್ನು ತಿದ್ದುತ್ತಾ ಜೊತೆಗೆ ನಡೆದರೆ ಇದೆಲ್ಲ ಆಗುತ್ತದೆ ಅಂತ ನಾನು ನಂಬುತ್ತೇನೆ. ನಾವು ಓದುವ ಕಾಲಕ್ಕೆ ದೂರು ಕೊಡಲು ಒಂದು ಸಮಿತಿಯೂ ಇರಲಿಲ್ಲ, ನಡೆದದ್ದಕ್ಕೆ ಹೆಸರೂ ಇರಲಿಲ್ಲ. ಹೋರಾಡಿದವರು ಅದನ್ನು ತಂದುಕೊಟ್ಟರು. ಮುಂದಿನದನ್ನು ನೀವು ತರಬೇಕು. ನಾಳೆ ಸಭೆಗೆ ಹೋಗು, ಮನವಿ ಬರೆಯಲು ಕೂತುಕೊಳ್ಳಿ. ಕರಡು ಆದ ಮೇಲೆ ತಂದು ತೋರಿಸು, ಕಾನೂನಿನ ಸೆಕ್ಷನ್‌ಗಳನ್ನು ಸೇರಿಸಿಕೊಡುತ್ತೇನೆ.